ಎರಡನೇ ಸಲ ಶೆಡ್ ತೆರೆಯುವ ಮುನ್ನ

ತಮ್ಮಾ,

ಶೆಡ್ಡಿಗೆ ಬೀಗ ಹಾಕಿದ ಮೇಲೆ ನೀನು ಪೀಣ್ಯ ಎರಡನೇ ಹಂತದ ಕಡೆ ತಲೆಹಾಕುತ್ತಿಲ್ಲ ಎಂದು ಕೇಳಿದೆ. ಹಳೇ ಪರಿಚಯದವರು ಎದುರು ಸಿಕ್ಕರೆ ಏನು ಹೇಳುವುದು ಎಂಬ ಸಂಕೋಚವಂತೆ. ಮೊದಲು ಆ ಸಂಕೋಚ ಬಿಡು. ನೀನು ಮಾಡಿಕೊಟ್ಟ ಶಾಫ್ಟು, ಬುಷ್ಷು ಅಳತೆ ತಪ್ಪಿ ವಾಪಸ್ ಬಂದದ್ದು ಬಹಳ ಕಡಿಮೆ. ಕೆಲಸ ಇತ್ತು, ಅದನ್ನು ಕೊಡುವ ಪಾರ್ಟಿಯೂ ಇತ್ತು. ಆದರೂ ಎರಡು ವರ್ಷ ತುಂಬುವ ಮೊದಲೇ ಮುಚ್ಚಬೇಕಾಯಿತು. ಅಂದಮೇಲೆ ನಿನ್ನ ಕೈಕಸುಬಿನಲ್ಲಿ ಕುಂದಿರಲಿಲ್ಲ. ಮಾಲೀಕನಾಗುವವನು ಕಲಿಯಬೇಕಾದ ಇನ್ನೊಂದು ಕಸುಬು ಇದೆ. ಅದನ್ನು ಐಟಿಐಯಲ್ಲಿ ಹೇಳಿಕೊಡುವುದಿಲ್ಲ, ಅಪ್ರೆಂಟಿಸ್ ಆಗಿದ್ದಾಗ ಯಾವ ಫೋರ್‌ಮನ್ನೂ ಹೇಳಿಕೊಡುವುದಿಲ್ಲ. ನಿನ್ನ ಯಂತ್ರ ಓಡುವ ಒಂದು ಗಂಟೆಗೆ ನಿಜವಾಗಿ ಎಷ್ಟು ಖರ್ಚು, ಮಾಡಿದ ಕೆಲಸದ ದುಡ್ಡು ಯಾವ ತಾರೀಕಿಗೆ ಕೈಸೇರುತ್ತದೆ, ಈ ಎರಡು ಲೆಕ್ಕ ಕೈಗೆ ಹತ್ತದೆ ಒಳ್ಳೊಳ್ಳೆಯ ಟರ್ನರ್‌ಗಳು ಕೈಸುಟ್ಟುಕೊಂಡದ್ದನ್ನು ನೋಡುತ್ತಲೇ ಬಂದಿದ್ದೇನೆ. ನೀನು ಮತ್ತೆ ಶೆಡ್ ತೆರೆಯುತ್ತೀಯ ಎಂಬುದು ನನಗೆ ಗೊತ್ತು. ಅದಕ್ಕೆ ಮುಂಚೆ ಇಷ್ಟನ್ನು ಕಿವಿಗೆ ಹಾಕಿಕೊ.

ಪೀಣ್ಯ ಹೇಗೆ ಬೆಳೆಯಿತು ಎಂಬುದು ನಿನ್ನ ವಯಸ್ಸಿನವರಿಗೆ ಗೊತ್ತಿರಲಾರದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಗೆ ಬಂದವು. ಎಪ್ಪತ್ತರ ದಶಕದ ಕೊನೆಗೆ ತುಮಕೂರು ರಸ್ತೆಯ ಈ ಮಗ್ಗುಲಲ್ಲಿ ಶೆಡ್‌ಗಳ ಸಾಲು ಎದ್ದಿತು, 1978ರಲ್ಲಿ ಪೀಣ್ಯ ಕೈಗಾರಿಕೆಗಳ ಸಂಘ ಹುಟ್ಟಿತು. ಆ ಶೆಡ್‌ಗಳಿಗೆ ಬಂದವರಲ್ಲಿ ದೊಡ್ಡ ಕಾರ್ಖಾನೆಗಳ ಟೂಲ್‌ರೂಮಿನಲ್ಲಿ, ಲೇತ್ ಮುಂದೆ ನಿಂತು ಕೆಲಸ ಕಲಿತವರು ಬಹಳ ಜನ. ನಿನ್ನೆಯವರೆಗೆ ಸಂಬಳ ಕೊಡುತ್ತಿದ್ದ ಕಾರ್ಖಾನೆಯೇ ಇಂದು ಅವರ ಪಾರ್ಟಿ. ಡ್ರಾಯಿಂಗ್ ಗೊತ್ತು, ಇನ್‌ಸ್ಪೆಕ್ಟರ್ ಗೊತ್ತು, ಕೆಲಸಕ್ಕೆ ಬರವಿಲ್ಲ. ಎಚ್‌ಎಂಟಿ ಸೊರಗುತ್ತಾ ಬಂದಾಗ ಅದೊಂದನ್ನೇ ನಂಬಿದ್ದ ಶೆಡ್‌ಗಳೂ ಸೊರಗಿದವು. ವಾಹನದ ಬಿಡಿಭಾಗ, ಹೈಡ್ರಾಲಿಕ್, ಪಂಪು, ಆಮೇಲೆ ವಿಮಾನದ ಬಿಡಿಭಾಗ ಎಂದು ಬೇರೆ ಬಾಗಿಲು ತಟ್ಟಿದವರು ಉಳಿದರು. ಅದಾದ ಮೇಲೂ 2016ರ ನೋಟು ರದ್ದತಿ ಬಂತು, 2017ರಲ್ಲಿ ಜಿಎಸ್‌ಟಿ ಬಂತು, 2020ರ ಲಾಕ್‌ಡೌನ್ ಬಂತು. ಒಂದು ಸಲವೂ ಪೆಟ್ಟು ತಿನ್ನದ ಮಾಲೀಕ ಈ ಪ್ರದೇಶದಲ್ಲಿ ಸಿಗುವುದು ಕಷ್ಟ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆ ಇದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ತಾಂತ್ರಿಕ ಶಾಲೆಯ ಮೇಷ್ಟರಾಗಿದ್ದರು. ಬರಬೇಕಾದ ಬಡ್ತಿ ತಪ್ಪಿದಾಗ ಕೆಲಸ ಬಿಟ್ಟು ಬೆಳಗಾವಿಯಲ್ಲಿದ್ದ ತಮ್ಮ ಸೈಕಲ್ ಅಂಗಡಿಗೆ ಬಂದರು. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂದು ರೈತರು ಹತ್ತಿರ ಸುಳಿಯಲಿಲ್ಲ. ನೇಗಿಲು ಸುಮಾರು ಎರಡು ವರ್ಷ ಮಾರಾಟವಾಗದೆ ಕೂತಿತ್ತು. ಸಾಲದ್ದಕ್ಕೆ ಊರಿನ ಪುರಸಭೆ ಜಾಗ ಖಾಲಿ ಮಾಡಿ ಎಂದಿತು. 1910ರಲ್ಲಿ ಔಂಧದ ರಾಜರು ಕೊಟ್ಟ ಬರಡು ನೆಲದಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಮಾಡಿತು. ಹರಿಹರದ ಆ ಲೇತ್‌ಗಳ ಮೇಲೆ ಕೆಲಸ ಕಲಿತ ಟರ್ನರ್‌ಗಳು ನಾಡಿನ ತುಂಬ ಇದ್ದಾರೆ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಛಲ ಮಾತ್ರವಲ್ಲ. ನೇಗಿಲು ಮಾರದ ಆ ದಿನಗಳಲ್ಲಿ ಬೇರೆ ಸಾಮಾನು ಮಾರುತ್ತಿತ್ತು ನೋಡು, ಅದು ಅವರನ್ನು ಕಾಪಾಡಿತು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ಕೂತುಕೊ.

ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಲೇತ್ 8 ಲಕ್ಷಕ್ಕೆ ತೆಗೆದುಕೊಂಡೆ ಎಂದಿಟ್ಟುಕೊ. 5 ವರ್ಷದಲ್ಲಿ ಅದರ ಬೆಲೆ ತಿರುಗಿ ಬರಬೇಕೆಂದರೆ ತಿಂಗಳಿಗೆ ಸುಮಾರು 13,000. ಬಡ್ಡಿ 7,000. ಶೆಡ್ ಬಾಡಿಗೆ 12,000. ಆಪರೇಟರ್ ಸಂಬಳ 20,000. ಕರೆಂಟು 8,000. ಇನ್ಸರ್ಟ್, ಕೂಲೆಂಟ್, ಆಯಿಲ್ 10,000. ಗಾಡಿ, ಅಕೌಂಟೆಂಟ್, ಚಿಲ್ಲರೆ ಖರ್ಚು 5,000. ಒಟ್ಟು 75,000. ದಿನಕ್ಕೆ 10 ಗಂಟೆಯಂತೆ 25 ದಿನ, ಅಂದರೆ 250 ಗಂಟೆ. ಭಾಗಿಸಿದರೆ ಗಂಟೆಗೆ 300. ಪಾರ್ಟಿ 350 ಕೊಡುತ್ತೇನೆ ಎಂದಾಗ ನಿನ್ನಂಥವನಿಗೆ 50 ರೂಪಾಯಿ ಲಾಭ ಕಾಣುತ್ತದೆ. ಹುಡುಗರು ಬೀಳುವುದು ಇಲ್ಲೇ.

ಆ ಪಟ್ಟಿಯಲ್ಲಿ ನಿನ್ನ ಸಂಬಳ ಎಲ್ಲಿದೆ? ನೀನು ಇನ್ನೊಬ್ಬರ ಶಾಪಿನಲ್ಲಿ ಸೆಟ್ಟರ್ ಆಗಿದ್ದಾಗ ದುಡಿಯುತ್ತಿದ್ದೆಯಲ್ಲ, ಕಡೇ ಪಕ್ಷ 25,000 ಹಾಕು. ಒಟ್ಟು 1 ಲಕ್ಷವಾಯಿತು. ಇನ್ನು 250 ಗಂಟೆ ಯಂತ್ರ ನಿಜವಾಗಿ ಓಡುತ್ತದೆಯೇ? ಸೆಟ್ಟಿಂಗ್ ಬದಲಿಸಬೇಕು, ಮೊದಲ ಪೀಸ್ ಪಾಸ್ ಆಗುವವರೆಗೆ ಕಾಯಬೇಕು, ಕರೆಂಟು ಹೋಗುತ್ತದೆ, ಮೆಟೀರಿಯಲ್ ಬರುವುದು ತಡವಾಗುತ್ತದೆ, ಆಪರೇಟರ್ ಹಬ್ಬಕ್ಕೆ ಊರಿಗೆ ಹೋಗುತ್ತಾನೆ. 200 ಗಂಟೆ ಸಿಕ್ಕರೆ ಪುಣ್ಯ. ಈಗ ಭಾಗಿಸು. ಗಂಟೆಗೆ 500. ನೀನು 350ಕ್ಕೆ ಒಪ್ಪಿಕೊಂಡ ಪ್ರತಿ ಗಂಟೆಗೂ ನಿನ್ನ ಕೈಯಿಂದ 150 ಹೋಗುತ್ತಿತ್ತು. ರಾತ್ರಿ ಹಗಲು ದುಡಿದರೂ ಕೈಯಲ್ಲಿ ಏನೂ ನಿಲ್ಲಲಿಲ್ಲ ಎಂದು ನೀನು ಅತ್ತೆಯಲ್ಲ, ಕಾರಣ ನಿನ್ನ ಹಣೆಬರಹದಲ್ಲಿ ಇರಲಿಲ್ಲ ಕಣಪ್ಪಾ, ಈ ಭಾಗಾಕಾರದಲ್ಲಿ ಇತ್ತು.

ಪಕ್ಕದ ಶೆಡ್ಡಿನವನಿಗೆ 350 ಹೇಗೆ ಗಿಟ್ಟುತ್ತದೆ ಎಂದು ಕೇಳುತ್ತೀಯ. ಅವನು ಎರಡು ಶಿಫ್ಟ್ ಓಡಿಸುತ್ತಾನೆ. ಯಂತ್ರದ ಕಂತು, ಬಡ್ಡಿ, ಬಾಡಿಗೆ, ಮಾಲೀಕನ ಸಂಬಳ, ಚಿಲ್ಲರೆ ಖರ್ಚು ಎಲ್ಲ ಸೇರಿ 62,000 ಹಾಗೇ ಇರುತ್ತದೆ. ಇನ್ನೊಬ್ಬ ಆಪರೇಟರ್, ಇನ್ನಷ್ಟು ಕರೆಂಟು, ಇನ್ನಷ್ಟು ಇನ್ಸರ್ಟ್ ಸೇರಿ ಒಟ್ಟು 1,38,000 ಆಗುತ್ತದೆ. ಗಂಟೆ 400. ಗಂಟೆಗೆ 345 ಬಿತ್ತು. ಆದ್ದರಿಂದ ಮೊದಲ ಯಂತ್ರಕ್ಕೆ ಎರಡು ಶಿಫ್ಟ್ ಕೆಲಸ ತುಂಬುವವರೆಗೆ ಎರಡನೇ ಯಂತ್ರದ ಸುದ್ದಿಗೇ ಹೋಗಬೇಡ. ನಾನು ಹಾಕಿದ ಅಂಕಿ ಲೆಕ್ಕ ತೋರಿಸಲು ಅಷ್ಟೆ. ನಿನ್ನ ಬಾಡಿಗೆ, ನಿನ್ನ ಕಂತು ಹಾಕಿ ನೀನೇ ಮಾಡು, ಮೂರು ತಿಂಗಳಿಗೊಮ್ಮೆ ತಿದ್ದುತ್ತಿರು. ಒಂದೇ ಶಿಫ್ಟ್‌ನಲ್ಲಿ ಇರುತ್ತೇನೆ ಎಂದಾದರೆ ಎಲ್ಲರೂ ಮಾಡುವ ಸಾವಿರಗಟ್ಟಲೆ ಬುಷ್ಷಿನ ಕೆಲಸಕ್ಕೆ ಕೈಹಾಕಬೇಡ. ಐದು ಪೀಸು, ಹತ್ತು ಪೀಸು, ನಾಳೆ ಬೆಳಿಗ್ಗೆಗೇ ಬೇಕು ಎನ್ನುವ ಕೆಲಸ, ಸ್ಟೇನ್‌ಲೆಸ್‌ನಂಥ ಹಟಮಾರಿ ಮೆಟೀರಿಯಲ್, ಹಳೆಯ ಯಂತ್ರದ ಮುರಿದ ಭಾಗ ನೋಡಿ ಹೊಸದು ಮಾಡಿಕೊಡುವುದು, ಇಂಥವುಗಳಿಗೆ ನಿನ್ನ ಕೈ ಬೇಕು. ಅದಕ್ಕೆ ಗಂಟೆಯ ಲೆಕ್ಕ ಹಿಡಿದು ಚೌಕಾಸಿ ಮಾಡುವವರು ಕಡಿಮೆ.

ದುಡ್ಡು ಬರುವ ವಿಷಯ ಇದಕ್ಕಿಂತ ದೊಡ್ಡದು. ತಿಂಗಳಿಗೆ ಲಕ್ಷ ಖರ್ಚು ಇರುವ ಶೆಡ್ಡಿಗೆ ಪಾರ್ಟಿ 90 ದಿನಕ್ಕೆ ಪೇಮೆಂಟ್ ಕೊಟ್ಟರೆ ಮೊದಲ ರೂಪಾಯಿ ನೋಡುವ ಮುಂಚೆ 3 ಲಕ್ಷ ನಿನ್ನ ಕೈಯಿಂದ ಹೋಗಿರುತ್ತದೆ. ಅದರ ಮೇಲೆ ಜಿಎಸ್‌ಟಿ. ಪಾರ್ಟಿ ನಿನಗೆ ಕೊಡಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವನು ಬಿಲ್ಲಿನ ತೆರಿಗೆಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಯಂತ್ರಕ್ಕೆ ಸಾಲ ಹುಡುಕುವ ಹುಡುಗರು ಈ ಹಣವನ್ನು ಲೆಕ್ಕಕ್ಕೇ ಇಡುವುದಿಲ್ಲ. ಆಮೇಲೆ ಕೈಸಾಲ, ಎತ್ತಿದ ಚೀಟಿ, ಹೆಂಡತಿಯ ಒಡವೆ, ಕೊನೆಗೆ ಮೀಟರ್ ಬಡ್ಡಿ. ಮೀಟರ್ ಬಡ್ಡಿಯ ಬಾಗಿಲಿಗೆ ಹೋಗುವ ಸ್ಥಿತಿ ಬಂದರೆ ಯಂತ್ರ ಮಾರಿಬಿಡು ತಮ್ಮಾ. ಯಂತ್ರವನ್ನು ಮತ್ತೆ ಕೊಳ್ಳಬಹುದು.

ಸಣ್ಣವರ ದುಡ್ಡಿಗೆ ಕಾನೂನು ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಅದು ಒಪ್ಪಿತವಾದಂತೆಯೇ. ಮೂರು ತಿಂಗಳಾದ ಮೇಲೆ ದುಡ್ಡು ಕೇಳಲು ಹೋದಾಗ ‘ನಿನ್ನ ಮಾಲು ರಿಜೆಕ್ಟ್ ಆಗಿತ್ತಲ್ಲ’ ಎನ್ನುವವರಿಗೆ ಇದೇ ಉತ್ತರ. ಆದರೆ ಉತ್ತರ ಕೊಡಲು ಕಾಗದ ಬೇಕು. ಡೆಲಿವರಿ ಚಲನ್ ಮೇಲೆ ಸ್ಟೋರ್ಸಿನ ಸೀಲು, ಸಹಿ, ತಾರೀಕು ಇಲ್ಲದೆ ಒಂದು ಪೀಸನ್ನೂ ಇಳಿಸಿ ಬರಬೇಡ. ನೀನು ಗಡಿಬಿಡಿಯಲ್ಲಿ ಸೆಕ್ಯುರಿಟಿ ಕೈಗೆ ಕೊಟ್ಟು ಬರುತ್ತಿದ್ದೆ ಎಂದು ಕೇಳಿ ನನಗೆ ಸಂಕಟವಾಯಿತು.

ಕಾನೂನು ಹಿಡಿದು ಹೋದರೆ ಪಾರ್ಟಿ ಕೈಬಿಟ್ಟು ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಈ ಕಾಯ್ದೆಯಡಿ ದೂರು ಹಾಕಿದ ಮೇಲೆ ಅದೇ ಕಂಪನಿಯ ಗೇಟಿಗೆ ಹೋಗಿ ಕೆಲಸ ಕೇಳುವುದು ಸುಲಭವಲ್ಲ. ಆದರೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಜಾರಿಗೆ ಬಂದಿದೆ. ಸೂಕ್ಷ್ಮ, ಸಣ್ಣ ಘಟಕಗಳಿಗೆ ಆ ಗಡುವಿನೊಳಗೆ ಕೊಡದೆ ಉಳಿಸಿಕೊಂಡ ಬಾಕಿಯನ್ನು, ನಿಜವಾಗಿ ಕೊಟ್ಟ ವರ್ಷದವರೆಗೆ ದೊಡ್ಡ ಕಂಪನಿ ತನ್ನ ಖರ್ಚಿಗೆ ಹಾಕಿಕೊಳ್ಳುವಂತಿಲ್ಲ. ಪರ್ಚೇಸ್‌ನವರ ಬಳಿ ಗೋಗರೆಯುವ ಬದಲು ಅಕೌಂಟ್ಸ್ ವಿಭಾಗಕ್ಕೆ, ಸಣ್ಣ ಘಟಕವೆಂದು ನಿನಗೆ ಸಿಗುವ ಉದ್ಯಮ್ ನೋಂದಣಿ ಸಂಖ್ಯೆ ನಮೂದಿಸಿದ ಒಂದು ವಿನಯದ ಪತ್ರ, ಮಾರ್ಚ್ ಲೆಕ್ಕ ಮುಗಿಯುವ ಮುಂಚೆ ಫೆಬ್ರವರಿಯಲ್ಲೇ ತಲುಪಿಸು. ಜಗಳವಿಲ್ಲದೆ ಕೆಲಸವಾಗುವ ದಾರಿ ಇದು. ನೆನಪಿಡು, ಉದ್ಯಮ್ ನೋಂದಣಿ ಮಾಲು ಕೊಡುವ ಮೊದಲೇ ಆಗಿರಬೇಕು. ಜಗಳ ಬಂದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಈ ರಕ್ಷಣೆ ಸಿಗುತ್ತದೆಂದು ನಂಬುವಂತಿಲ್ಲ. ನೋಂದಣಿಗೆ ಸರ್ಕಾರದ ಶುಲ್ಕ ಏನೂ ಇಲ್ಲ, ಮಾಡಿಸಿಕೊಡುತ್ತೇನೆ ಎಂದು ಸಾವಿರ ಕೇಳುವವರಿಗೆ ಕೊಡಬೇಡ.

ನಿನ್ನ ಬಿಲ್ಲುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಂದೇ ಪಾರ್ಟಿಯ ಹೆಸರಿನಲ್ಲಿತ್ತು. ಒಂದೇ ಬೋರ್‌ವೆಲ್ ನಂಬಿ ತೋಟಕ್ಕೆಲ್ಲ ಅಡಿಕೆ ಹಾಕಿದ ಹಾಗಾಯಿತು ಅದು. ಮುಂದಿನ ಸಲ ಯಾವ ಪಾರ್ಟಿಯದೂ ಮೂರನೇ ಒಂದು ಪಾಲು ಮೀರದಿರಲಿ. ಒಂದು ಕಾರಿನ ಕಡೆಯದಾದರೆ ಇನ್ನೊಂದು ಔಷಧಿ ಯಂತ್ರದ ಕಡೆಯದಿರಲಿ. ಎಲ್ಲರಿಗೂ ಒಟ್ಟಿಗೆ ಕೆಟ್ಟ ಕಾಲ ಬರುವುದು ಅಪರೂಪ.

ಗೆಳೆಯನ ಜೊತೆ ಪಾಲುದಾರಿಕೆ ಮುರಿದದ್ದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಗಾಯ ಇನ್ನೂ ಹಸಿ ಇದೆ. ಇಷ್ಟು ತಿಳಿದುಕೊ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಹೊರಗಿನವರಿಂದ ಬರಬೇಕಾದ ಹಣಕ್ಕೆ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ, 1932ರ ಕಾಯ್ದೆಯಲ್ಲೇ ಹಾಗಿದೆ. ಮತ್ತೆ ಯಾರ ಜೊತೆಗಾದರೂ ಸೇರುವುದಾದರೆ ಯಾರದು ಎಷ್ಟು ದುಡ್ಡು, ಯಾರು ಎಷ್ಟು ಸಂಬಳ ಎತ್ತಬೇಕು, ಬಿಟ್ಟು ಹೋಗುವವನಿಗೆ ಯಂತ್ರದ ಬೆಲೆ ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ನಗುನಗುತ್ತಿರುವಾಗಲೇ ಬರೆಸಿ ನೋಂದಣಿ ಮಾಡಿಸು. ಆ ಗೆಳೆಯನ ಜೊತೆ ಮಾತು ಬಿಡಬೇಡ. ಅವನೂ ನಿನ್ನಷ್ಟೇ ಕಳೆದುಕೊಂಡಿದ್ದಾನೆ.

ಸಾಲದ ವಿಷಯ. ಹಳೇ ಸಾಲ ಬಾಕಿ ಇದ್ದರೆ ಬ್ಯಾಂಕಿನವರು ‘ಇಷ್ಟು ಕೊಟ್ಟು ಮುಗಿಸಿಬಿಡಿ’ ಎನ್ನಬಹುದು. ಹಾಗೆ ಕಡಿಮೆ ಕೊಟ್ಟು ಮುಗಿಸಿದರೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಕೂರುತ್ತದೆ, ಪೂರ್ತಿ ತೀರಿಸಿದವನ ಲೆಕ್ಕವೇ ಬೇರೆ. ನಿಧಾನವಾದರೂ ಪೂರ್ತಿ ತೀರಿಸಿ ಬಾಕಿ ಇಲ್ಲವೆಂಬ ಪತ್ರ ತೆಗೆದುಕೊ. ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗೆ, ಅದನ್ನು ತೀರಿಸಿದವರಿಗೆ 20 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲವಿದೆ. 2000ರಿಂದ ಇರುವ ಸಾಲ ಖಾತರಿ ನಿಧಿ, ಸಿಜಿಟಿಎಂಎಸ್‌ಇ, ಇನ್ನೂ ದೊಡ್ಡ ಸಾಲಕ್ಕೂ ಬ್ಯಾಂಕಿಗೆ ಭರವಸೆ ಕೊಡುತ್ತದೆ. ಹೊಸ ಘಟಕಕ್ಕೆ ಪಿಎಂಇಜಿಪಿ ಇದೆ, ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಹಾಯಧನ. ಆದರೆ ಆ ಹಣ 3 ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ, ಕೈಖರ್ಚಿಗೆ ಬರುವುದಿಲ್ಲ. ಸಹಾಯಧನ ಸಿಗುತ್ತದೆ ಎಂದು ಬೇಡದ ಯಂತ್ರ ಕೊಂಡವರನ್ನು ಕಂಡಿದ್ದೇನೆ. ಯಾವ ಯೋಜನೆಯಲ್ಲಿ ಹೋದರೂ ಯಂತ್ರದ ಸಾಲದ ಜೊತೆಗೆ ಮೂರು ತಿಂಗಳು ಶೆಡ್ ನಡೆಸುವ ಹಣವನ್ನೂ ಕೇಳಿ ಬರೆಸು.

ಈಗ ನೀನು ಮತ್ತೆ ನೌಕರಿಗೆ ಸೇರಿದ್ದೀಯ. ಒಳ್ಳೆಯದೇ ಆಯಿತು. ಈ ದಿನಗಳನ್ನು ಶಿಕ್ಷೆ ಎಂದುಕೊಳ್ಳಬೇಡ, ಸಂಬಳ ಕೊಟ್ಟು ಕಲಿಸುವ ಶಾಲೆ ಎಲ್ಲಿ ಸಿಗುತ್ತದೆ? ಯಂತ್ರದ ಮುಂದಿನ ಕೆಲಸ ನಿನಗೆ ಗೊತ್ತಿದೆ. ಕೊಟೇಶನ್ ಹೇಗೆ ಮಾಡುತ್ತಾರೆ, ಇನ್‌ಸ್ಪೆಕ್ಷನ್ ರಿಪೋರ್ಟ್ ಹೇಗೆ ಬರೆಯುತ್ತಾರೆ, ಸ್ಟೋರ್ಸಿನಲ್ಲಿ ಇನ್ಸರ್ಟ್ ಲೆಕ್ಕ ಹೇಗೆ ಇಡುತ್ತಾರೆ ನೋಡು. ಕೇಳು. ಹಿರಿಯ ಸೂಪರ್‌ವೈಸರ್‌ಗಳಿಗೆ ಕೇಳುವವರು ಸಿಕ್ಕರೆ ಸಂತೋಷವಾಗುತ್ತದೆ. ಅಲ್ಲಿನ ಪಾರ್ಟಿಯನ್ನು ಕದ್ದು ಹೊರಗೆ ತರುವ ಯೋಚನೆ ಮಾತ್ರ ಬೇಡ. ಪೀಣ್ಯ ದೊಡ್ಡದು, ಆದರೆ ಸುದ್ದಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸಂಜೆಯೊಳಗೆ ತಲುಪುತ್ತದೆ. ರಾಜಾಜಿನಗರದಲ್ಲಿ ಜಿಟಿಟಿಸಿ ಇದೆ, ಪೀಣ್ಯದಲ್ಲೇ ಎನ್‌ಟಿಟಿಎಫ್ ಇದೆ, ತುಮಕೂರು ರಸ್ತೆಯಲ್ಲಿ ಸಿಎಂಟಿಐ ಇದೆ. ಅಳತೆಯ ವಿದ್ಯೆಯೋ ಪ್ರೋಗ್ರಾಮಿಂಗೋ ಸಣ್ಣ ಕೋರ್ಸು ಸಿಕ್ಕರೆ ಬಿಡಬೇಡ. ಲೆಕ್ಕ, ಬ್ಯಾಂಕು, ಯೋಜನಾ ವರದಿ ಕಲಿಯಬೇಕೆಂದರೆ ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಶುರು ಮಾಡಿದ ಸಂಸ್ಥೆ ಅದು, ಊಟ ವಸತಿ ಸೇರಿ ತರಬೇತಿ ಉಚಿತ. ನಿನ್ನ ತಂಗಿ ಬಿಕಾಂ ಓದಿದ್ದಾಳೆ, ಅವಳನ್ನೂ ಕಳಿಸು. ಶೆಡ್ಡಿನ ಲೆಕ್ಕದ ಪುಸ್ತಕ ಅವಳ ಕೈಯಲ್ಲಿರಲಿ, ಅದಕ್ಕೆ ಸಂಬಳವನ್ನೂ ಕೊಡು.

ವೈಟ್‌ಫೀಲ್ಡ್ ಕಡೆ ಎಸಿ ರಿಪೇರಿಗೆ ಇಳಿದಿರುವ ನಿನ್ನ ಜೊತೆಗಾರನಿಗೂ ಇದನ್ನು ಓದಿ ಹೇಳು. ಹೂಡಿ, ಮಹದೇವಪುರ, ಇತ್ತ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಚೇರಿಗಳಲ್ಲಿ ಅವನಿಗೆ ವರ್ಷದ ನಿರ್ವಹಣೆ ಒಪ್ಪಂದ ಸಿಗುತ್ತದೆ. ಯಂತ್ರದ ಕಂತು ಇಲ್ಲದಿದ್ದರೂ ಓಡಾಟದ ಗಂಟೆ, ಟ್ರಾಫಿಕ್‌ನಲ್ಲಿ ಕಳೆದ ಗಂಟೆ ಲೆಕ್ಕಕ್ಕೆ ಬರಲೇಬೇಕು. ಒಪ್ಪಂದದ ಹಣವನ್ನು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಪಡೆಯುವಂತೆ ಅವನು ಮೊದಲ ದಿನವೇ ಬರೆಸಿಕೊಳ್ಳಲಿ.

ಶೆಡ್ ಹುಡುಕುವಾಗ ಮುಖ್ಯರಸ್ತೆಯ ಆಸೆ ಬೇಡ. ಲಗ್ಗೆರೆ, ಸುಂಕದಕಟ್ಟೆ, ಅಂದ್ರಹಳ್ಳಿಯ ಒಳಗಲ್ಲಿಗಳಲ್ಲಿ ಒಳ್ಳೊಳ್ಳೆಯ ಕೆಲಸ ನಡೆಯುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಬೆಸ್ಕಾಂ ಬಿಲ್ ಕೇಳಿ ನೋಡು. ಮಂಜೂರಾದ ಲೋಡ್ ನಿನ್ನ ಯಂತ್ರಕ್ಕೆ ಸಾಲುತ್ತದೆಯೇ, ಹಿಂದಿನವನ ಬಾಕಿ ಇದೆಯೇ ಎಂದು ತಿಳಿದುಕೊ. ಮೊದಲ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡ ದಿನ, ಗ್ಲೌಸ್ ಹಾಕಿಕೊಂಡು ತಿರುಗುವ ಚಕ್ ಹತ್ತಿರ ಹೋಗಬಾರದು ಎಂದು ನೀನೇ ನಿಂತು ಹೇಳು. ಅವನಿಗೆ ಸಂಬಳ 7ನೇ ತಾರೀಕು ದಾಟಬಾರದು. ನಿನ್ನ ಪೇಮೆಂಟ್ ಬಂದಿಲ್ಲ ಎಂಬುದು ಅವನ ಮನೆಯ ಬಾಡಿಗೆಗೆ ಸಂಬಂಧವಿಲ್ಲ.

ಇವೆಲ್ಲ ಮುಂದಿನ ಮಾತು. ಈಗ ತುರ್ತಾಗಿ ಆಗಬೇಕಾದ ಕೆಲಸ ಒಂದಿದೆ. ಹಳೇ ಶೆಡ್ಡಿನ ಬಿಲ್ಲುಗಳನ್ನು ಟ್ರಂಕಿನಲ್ಲಿ ಕಟ್ಟಿ ಇಟ್ಟಿದ್ದೀಯಂತೆ. ಹೊರಗೆ ತೆಗೆ. ಮಾಡಿದ ಕೆಲಸದ ಬಾಕಿಗೆ ದಾವೆ ಹೂಡಲು ಕಾನೂನು ಕೊಡುವ ಕಾಲ 3 ವರ್ಷ. ಆ ಅವಧಿ ಮುಗಿಯುವ ಮೊದಲು ‘ಇಷ್ಟು ಬಾಕಿ ಇರುವುದು ನಿಜ’ ಎಂದು ಪಾರ್ಟಿ ಸಹಿ ಹಾಕಿ ಬರೆದುಕೊಟ್ಟರೆ ಅಂದಿನಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಒಂದೊಂದು ಬಿಲ್ಲಿನ ತಾರೀಕು ನೋಡಿ ಪಟ್ಟಿ ಮಾಡು, ಬಾಕಿ ದೃಢೀಕರಿಸಿ ಕೊಡಿ ಎಂದು ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕು. ಭಾನುವಾರ ಪಟ್ಟಿ ತೆಗೆದುಕೊಂಡು ಮನೆಗೆ ಬಾ, ಕೂತು ನೋಡೋಣ.